ಬೇಸಿಗೆ ರಜೆ ಬಂದರೆ ತಮ್ಮನಿಗೆ ಪಕ್ಕದ ಮನೆ ಹುಡುಗಿಯದೇ ಧ್ಯಾನ. ಏನು ಹೇಳಲಿ?

ಪ್ರಶ್ನೆ:
ತಮ್ಮನಿಗೆ 15 ವರ್ಷ. ಪಕ್ಕದ ಮನೆ ಹುಡುಗಿಗೂ ಅಷ್ಟೇ, ಆದರೆ ಬೇರೆ ಶಾಲೆ. ಶಾಲೆ ನಡೆಯುವಾಗ ಅವನು ಆರಾಮಾಗಿರ್ತಾನೆ. ರಜೆ ಶುರುವಾಯ್ತೋ, ಇಡೀ ದಿನ ಕಿಟಕಿ ಬಿಟ್ಟು ಕದಲಲ್ಲ. ಅವರ ಗೇಟು ಸದ್ದಾದರೆ ಓದೋದು ಬಿಟ್ಟು ಓಡ್ತಾನೆ. ಅವಳ ಸ್ಟೇಟಸ್ ಮತ್ತೆ ಮತ್ತೆ ನೋಡ್ತಾನೆ. ಎದುರಿಗೆ ಸಿಕ್ಕರೆ ಮಾತ್ರ ಬಾಯೇ ಬರಲ್ಲ. ಹೋದ ಬೇಸಿಗೆಯಲ್ಲೂ ಇದೇ ಆಗಿತ್ತು. ನನ್ನ ಹತ್ತಿರ ಮಾತ್ರ ಹೇಳಿಕೊಂಡಿದ್ದಾನೆ. ರಜೆಯಲ್ಲೇ ಯಾಕೆ ಇದು ಮರುಕಳಿಸುತ್ತೆ? ಹೇಳಿಬಿಡು ಅನ್ನಲಾ, ಮರೆತುಬಿಡು ಅನ್ನಲಾ? ಅಮ್ಮನಿಗೆ ತಿಳಿಸಬೇಕಾ?

ಉತ್ತರ 1:
ರಜೆಯಲ್ಲೇ ಬರೋದಕ್ಕೆ ಕಾರಣ ಹುಡುಗಿಗಿಂತ ಹೆಚ್ಚಾಗಿ ಆ ಕಿಟಕಿ. ಹತ್ತಿರ ಇರುವವರ ಕಡೆ ಮನಸ್ಸು ವಾಲೋದು ಹೊಸ ವಿಷಯ ಅಲ್ಲ. ಫೆಸ್ಟಿಂಗರ್, ಶಾಕ್ಟರ್, ಬ್ಯಾಕ್ ಎಂಬ ಮೂವರು ಸಂಶೋಧಕರು 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿದ್ಯಾರ್ಥಿ ವಸತಿ ಸಮುಚ್ಚಯದ ಜನರನ್ನು ನಿಮ್ಮ ಆಪ್ತರು ಯಾರು ಅಂತ ಕೇಳಿದ್ದರು. ಪಕ್ಕದ ಬಾಗಿಲಿನವರನ್ನು ಹೆಸರಿಸಿದ್ದು ಶೇ. 41, ಅದೇ ಸಾಲಿನ ಇನ್ನೊಂದು ತುದಿಯವರನ್ನು ಬರೀ ಶೇ. 10. ಶಾಲೆ ಇದ್ದಾಗ ನಿಮ್ಮ ತಮ್ಮನಿಗೆ ಅವಳು ಕಾಣೋದು ಒಂದೆರಡು ಕ್ಷಣ. ರಜೆಯಲ್ಲಿ ಕೈಗೆ ಕೆಲಸ ಇಲ್ಲ, ಕಣ್ಣೆದುರೇ ಅವಳ ಮನೆ.

ಗಂಟು ಬೀಳೋದು ಇಣುಕಾಟದಲ್ಲಿ. ಹತ್ತು ಸಲ ಇಣುಕಿದರೆ ಎರಡು ಸಲ ಅವಳು ಕಾಣಬಹುದು, ಆದರೆ ಆ ಎರಡು ಯಾವುವು ಅಂತ ಮೊದಲೇ ಗೊತ್ತಿರಲ್ಲ. ಪ್ರತಿ ಸಲವೂ ಫಲ ಸಿಗುವ ಅಭ್ಯಾಸಕ್ಕಿಂತ ಹೀಗೆ ಆಗೊಮ್ಮೆ ಈಗೊಮ್ಮೆ ಸಿಗುವ ಅಭ್ಯಾಸವನ್ನು ಬಿಡಿಸೋದು ಕಷ್ಟ. ಮನೋವಿಜ್ಞಾನಿ ಸ್ಕಿನ್ನರ್ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದು ಇದನ್ನೇ.

ಹಾಗಾಗಿ ಮೊದಲು ಅವನ ಓದುವ ಮೇಜನ್ನು ಕಿಟಕಿಗೆ ಬೆನ್ನಾಗುವಂತೆ ತಿರುಗಿಸಿ. ಗೇಟು ಸದ್ದಾದರೆ 10 ನಿಮಿಷ ತಡೆದು ಏಳಲಿ. ದಿನದಲ್ಲಿ ಅವನು ಹೆಚ್ಚು ಇಣುಕುವ ಹೊತ್ತು ಯಾವುದು ಅಂತ ಎರಡು ದಿನ ಗಮನಿಸಿ, ಆ ಹೊತ್ತಿಗೇ ಮನೆಯಿಂದ ಹೊರಗಿನ ಕೆಲಸ ಹಾಕಿ: ಈಜು, ಆಟ, ಗ್ರಂಥಾಲಯ, ಏನಾದರೂ. ಇಣುಕೋದು ಸಂಜೆಯಾದರೆ, ಸಂಜೆ ಖಾಲಿ ಬಿಟ್ಟು ಬೆಳಿಗ್ಗೆ ಕ್ಲಾಸಿಗೆ ಸೇರಿಸಿದರೆ ಏನೂ ಪ್ರಯೋಜನ ಇಲ್ಲ. ಮೊದಲ ಕೆಲವು ದಿನ ಚಡಪಡಿಕೆ ಜಾಸ್ತಿಯೇ ಆಗಬಹುದು. ಫಲ ನಿಂತಾಗ ಅಭ್ಯಾಸ ಒಮ್ಮೆ ಕೆರಳಿ ಆಮೇಲೆ ಇಳಿಯುತ್ತೆ. ಇದು ಉಪಯೋಗಕ್ಕೆ ಬರಲಿಲ್ಲ ಅಂತ ಹೆಚ್ಚಿನವರು ಕೈಬಿಡೋದು ಸರಿಯಾಗಿ ಆ ದಿನಗಳಲ್ಲೇ.

"ಮರೆತುಬಿಡು" ಅಂತ ಮಾತ್ರ ಹೇಳಬೇಡಿ. ಬಿಳಿ ಕರಡಿಯನ್ನು ನೆನೆಸಿಕೊಳ್ಳಬೇಡಿ ಅಂದಾಗ ಜನ ಅದನ್ನು ತಡೆಯಲಾರದೆ ಹೋಗಿದ್ದನ್ನೂ, ಆಮೇಲೆ ಅದನ್ನೇ ಇನ್ನಷ್ಟು ನೆನೆಸಿಕೊಂಡಿದ್ದನ್ನೂ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ದಾಖಲಿಸಿದ್ದಾರೆ. ಅದರ ಬದಲು ದಿನಕ್ಕೆ 15 ನಿಮಿಷ ಗೊತ್ತು ಮಾಡಿ. ಮನಸ್ಸಿನಲ್ಲಿ ಇರೋದನ್ನೆಲ್ಲ ಆಗ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮಲಗುವ ಮುಂಚೆ ಮಾತ್ರ ಬೇಡ, ನಿದ್ದೆ ಕೆಡಬಹುದು.

ಉತ್ತರ 2:
ಮೇಜು ತಿರುಗಿಸೋದು ಸರಿ, ಆದರೆ ಅರ್ಧ ಕೆಲಸ ಅಷ್ಟೇ. ಪಕ್ಕದ ಮನೆಯವರು ಎಲ್ಲೂ ಹೋಗಲ್ಲ. ಮುಂದಿನ ರಜೆಗೂ ಅವಳು ಅಲ್ಲೇ ಇರ್ತಾಳೆ. ಕಿಟಕಿಯಿಂದ ಕಾಣುವ ಹುಡುಗಿಗೆ ಇಲ್ಲದ ಗುಣಗಳನ್ನೆಲ್ಲ ಅವನೇ ತುಂಬಿಕೊಂಡಿರ್ತಾನೆ. ಮಾತಾಡಿದರೆ ಮಾತ್ರ ಅವಳು ನಿಜವಾದ ಮನುಷ್ಯಳಾಗ್ತಾಳೆ. ಆಮೇಲೆ ಇಷ್ಟ ಉಳಿದರೂ ಆ ದಿಗಿಲು ಉಳಿಯಲ್ಲ.

ಮಾತು ಎರಡು ಮೂರು ನಿಮಿಷ ಸಾಕು. ಗೇಟಿನ ಹತ್ತಿರ, ಎಲ್ಲರಿಗೂ ಕಾಣುವ ಕಡೆ ಇರಲಿ. ಹೌದು, ಇಲ್ಲ ಅಂತ ಮುಗಿದುಹೋಗುವ ಪ್ರಶ್ನೆ ಬೇಡ. "ರಜೆ ಹೇಗಿದೆ?" ಅಂದರೆ "ಚೆನ್ನಾಗಿದೆ", ಅಲ್ಲಿಗೆ ಮಾತು ಸತ್ತಂತೆ. "ಮುಂದಿನ ವರ್ಷ ಯಾವ ಸಬ್ಜೆಕ್ಟ್ ತಗೊಳ್ತೀಯಾ, ಯಾಕೆ?" ಅಂದರೆ ಮುಂದೆ ಸಾಗುತ್ತೆ. ಮಾತು ಚೆನ್ನಾಗಿ ನಡೀತಿರುವಾಗಲೇ "ಸರಿ, ಬರ್ತೀನಿ" ಅಂತ ಅವನೇ ಮೊದಲು ಹೊರಡಲಿ. ಹುಡುಗರು ಕೆಡಿಸಿಕೊಳ್ಳೋದೇ ಇಲ್ಲಿ: ವಿಷಯ ಮುಗಿದ ಮೇಲೂ ನಿಂತಿರ್ತಾರೆ, ಇಬ್ಬರಿಗೂ ಮುಜುಗರ.

ಅವಳು ತಿರುಗಿ ಏನಾದರೂ ಕೇಳ್ತಾಳಾ ನೋಡಲಿ. ಅದಕ್ಕಿಂತ ಒಳ್ಳೆ ಸುಳಿವು ಇಲ್ಲ. ಒಂದೊಂದೇ ಪದದ ಉತ್ತರ, ಕಣ್ಣು ಫೋನಿನ ಮೇಲೆ, ಕಾಲು ಬಾಗಿಲ ಕಡೆಗೆ, ಹೀಗೆ ಎರಡು ಸಲ ಆದರೆ ಅಲ್ಲಿಗೇ ಬಿಡಬೇಕು.

ಕೆಲವು ವಾರ ಮಾತು ಸಲೀಸಾಗಿ ನಡೆದು, ಹೇಳಲೇಬೇಕು ಅನ್ನಿಸಿದರೆ ಒಂದೇ ಸಲ, ನೇರವಾಗಿ, ಚಿಕ್ಕದಾಗಿ: "ನಿನ್ನ ಜೊತೆ ಮಾತಾಡೋದು ನಂಗೆ ತುಂಬಾ ಇಷ್ಟ ಆಗುತ್ತೆ. ನಿಂಗೆ ಹಾಗನ್ನಿಸದಿದ್ರೆ ಪರವಾಗಿಲ್ಲ, ಈಗಲೇ ಏನೂ ಹೇಳ್ಬೇಕಾಗಿಲ್ಲ." ಗೆಳೆಯನ ಕೈಲಿ ಚೀಟಿ ಕಳಿಸೋದು, ಅವಳ ತಂಗಿಯ ಹತ್ತಿರ ಹೇಳಿಸೋದು, ದುಬಾರಿ ಉಡುಗೊರೆ, ಹುಟ್ಟುಹಬ್ಬದ ದಿನ ಎಲ್ಲರ ಮುಂದೆ ಹೇಳೋದು ಬೇಡವೇ ಬೇಡ. ಹೀಗೆಲ್ಲ ಮಾಡಿದರೆ ಬೇಡ ಅನ್ನೋಕೆ ಅವಳಿಗೆ ದಾರಿಯೇ ಇರಲ್ಲ. ರಜೆಯ ಕೊನೆಯ ವಾರ ಹೇಳೋದು ವಾಸಿ. ಇಲ್ಲ ಅಂದರೂ ಶಾಲೆ ಶುರುವಾಗಿ ಇಬ್ಬರಿಗೂ ಉಸಿರಾಡಲು ಜಾಗ ಸಿಗುತ್ತೆ.

ಉತ್ತರ 3:
ಮೇಲಿನವರು ಹೇಳಿದ್ದನ್ನು ಒಪ್ತೀನಿ. ಆದರೆ ಹುಡುಗಿಯ ಕಡೆಯಿಂದಲೂ ಯೋಚಿಸಬೇಕು. ಶಾಲೆಯಲ್ಲಾದರೆ ಬೇರೆ ಬೆಂಚಿಗೆ ಹೋಗಬಹುದು, ತನ್ನ ಮನೆಯ ಗೇಟನ್ನೇ ಬಿಟ್ಟು ಅವಳು ಎಲ್ಲಿಗೆ ಹೋಗ್ತಾಳೆ? ಕಿಟಕಿಯಲ್ಲಿ ಸದಾ ಒಂದು ಮುಖ ಕಂಡರೆ ಬಟ್ಟೆ ಒಣಹಾಕೋಕೂ ಹಿಂಜರಿಕೆ ಆಗುತ್ತೆ. ದಿನಾ ಕಣ್ಣಿಗೆ ಬೀಳೋದರಿಂದ ಇಷ್ಟ ಬೆಳೆಯೋದು ಮೊದಲು ಅಸಮಾಧಾನ ಇಲ್ಲದಿದ್ದರೆ ಮಾತ್ರ. ಇದ್ದರೆ ಅದೇ ಬೆಳೆಯುತ್ತೆ. ಫೋಟೋ ತೆಗೆಯೋದು, ಅವಳು ಹೊರಡುವ ಹೊತ್ತಿಗೆ ಬೇಕಂತಲೇ ಹೊರಡೋದು, ಬೇರೆ ಹೆಸರಿನ ಅಕೌಂಟಿನಿಂದ ಫಾಲೋ ಮಾಡೋದು, ಇವು ಇಷ್ಟ ಅಲ್ಲ, ಕಾಟ. ಇಷ್ಟು ನೇರವಾಗಿ ಅವನಿಗೆ ಹೇಳಿ.

"ಇಲ್ಲ" ಅಂದಮೇಲೆ ಯಾಕೆ ಅಂತ ಕೇಳಬಾರದು. "ಸರಿ, ಹೇಳಿದ್ದು ಒಳ್ಳೇದಾಯ್ತು" ಅಷ್ಟೇ. ಆಮೇಲೆ ಒಂದೆರಡು ವಾರ ಎದುರಾದರೆ ಒಂದು ನಗು, ಅವನಾಗಿ ಮಾತಿಗೆ ಹೋಗೋದು ಬೇಡ. ಮುಖ ತಿರುಗಿಸಿಕೊಂಡು ಓಡಾಡಿದರೆ ಎರಡೂ ಮನೆಯವರಿಗೆ ಗೊತ್ತಾಗುತ್ತೆ.

ಇಂಥ ಪ್ರಶ್ನೆಯನ್ನು ಓದುವ ಬೇರೆಯವರಿಗೂ ಒಂದು ಮಾತು: ಪಕ್ಕದ ಮನೆಯವರು ವಯಸ್ಕರಾಗಿದ್ದರೆ ಮೇಲಿನ ಯಾವ ಹೆಜ್ಜೆಯೂ ಅನ್ವಯಿಸಲ್ಲ. ಇಷ್ಟ ಆಗೋದು ಮಕ್ಕಳ ತಪ್ಪಲ್ಲ, ದೂರ ಇಡೋದು ದೊಡ್ಡವರ ಜವಾಬ್ದಾರಿ. ಅವರು ಗುಟ್ಟಾಗಿ ಮೆಸೇಜ್, ಉಡುಗೊರೆ ಕೊಟ್ಟು "ಮನೆಯಲ್ಲಿ ಹೇಳಬೇಡ" ಅಂದರೆ ಅವತ್ತೇ ಅಪ್ಪ ಅಮ್ಮನಿಗೆ ತಿಳಿಸಿ.

ಪ್ರಶ್ನೆ ಕೇಳಿದವರು:
ಮೇಜು ಇವತ್ತೇ ತಿರುಗಿಸ್ತೀವಿ. ಸ್ಟೇಟಸ್ ನೋಡೋದಕ್ಕೆ ಏನು ಮಾಡಲಿ? ಅಮ್ಮನ ವಿಷಯ?

ಉತ್ತರ 1:
ಬ್ಲಾಕ್ ಮಾಡೋದು ಬೇಡ. ಅವಳಿಗೆ ಗೊತ್ತಾದರೆ ಇಲ್ಲದ ಜಗಳ. ವಾಟ್ಸಾಪಿನಲ್ಲಿ ಅವಳ ಸ್ಟೇಟಸ್ಸನ್ನು ಒತ್ತಿ ಹಿಡಿದರೆ ಮ್ಯೂಟ್ ಆಯ್ಕೆ ಬರುತ್ತೆ, ಅವಳಿಗೆ ತಿಳಿಯೋದೂ ಇಲ್ಲ. ನೀವು ಕದ್ದು ಮಾಡಬೇಡಿ, ಅವನ ಕೈಯಿಂದಲೇ ಮಾಡಿಸಿ.

ನಂಬಿ ಹೇಳಿದ್ದಾನೆ, ಹಾಗಾಗಿ ಅಮ್ಮನ ಕಿವಿಗೆ ಈಗಲೇ ಬೇಡ. ಆದರೆ "ಯಾರಿಗೂ ಹೇಳಲ್ಲ" ಅಂತ ಪೂರ್ತಿ ಮಾತು ಕೊಡಬೇಡಿ. "ನಿನಗೆ ಅಥವಾ ಅವಳಿಗೆ ತೊಂದರೆ ಆಗುತ್ತೆ ಅನ್ನಿಸಿದರೆ ಹೇಳ್ತೀನಿ, ನಿನಗೆ ತಿಳಿಸಿಯೇ ಹೇಳ್ತೀನಿ" ಅನ್ನಿ. ಎರಡು ವಾರ ಸತತವಾಗಿ ನಿದ್ದೆ ಊಟ ಕೆಟ್ಟರೆ, ಗೆಳೆಯರನ್ನು ಪೂರ್ತಿ ಬಿಟ್ಟರೆ ಅಮ್ಮನಿಗೆ ಹೇಳಿ, ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ. ಬದುಕೋದೇ ಬೇಡ ಅನ್ನುವಂಥ ಮಾತು ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಊಟಕ್ಕೆ ಕೂತಾಗ ಅವಳ ಹೆಸರು ಹಿಡಿದು ರೇಗಿಸಬೇಡಿ. ಹಾಗಾದರೆ ನಾಳೆಯಿಂದ ನಿಮಗೂ ಏನೂ ಹೇಳಲ್ಲ.