ಪದಚರ್ಚೆ: 1835ರ ಮದ್ರಾಸ್ ‘ಡಯಾಸಿಸ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ಬೆಂಗಳೂರು ದಂಡಿನ ಹಳೆಯ ಚರ್ಚುಗಳ ಕುರಿತ ಒಂದು ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಿಸುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಎಲ್ಲವೂ ಮುದ್ರಣಕ್ಕೆ ಹೋಗಬೇಕು. ಹನ್ನೊಂದು ಮುಗಿದಿವೆ, ಹನ್ನೆರಡನೆಯದರಲ್ಲಿ ಸಿಕ್ಕಿಕೊಂಡಿದ್ದೇನೆ. ಅದರ ಸಾರ ಇಷ್ಟು: ಸೇಂಟ್ ಮಾರ್ಕ್ಸ್ ಚರ್ಚನ್ನು 1816ರಲ್ಲಿ ಪ್ರತಿಷ್ಠೆ ಮಾಡಿದವರು ಕಲ್ಕತ್ತೆಯ ಬಿಷಪ್. ಆಗ ಮದ್ರಾಸಿಗೆ ಬೇರೆ ಬಿಷಪ್ ಇರಲಿಲ್ಲ. 1835ರಲ್ಲಿ ಮದ್ರಾಸ್ ಪ್ರತ್ಯೇಕ ಡಯಾಸಿಸ್ (ಒಬ್ಬ ಬಿಷಪರ ಆಡಳಿತಕ್ಕೆ ಒಳಪಟ್ಟ ಪ್ರದೇಶ) ಆಯಿತು, ಡೇನಿಯಲ್ ಕೋರಿ ಅದರ ಮೊದಲ ಬಿಷಪ್ ಆದರು, ಬೆಂಗಳೂರಿನ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ) ಚರ್ಚುಗಳು ಅವರ ಕೈಕೆಳಗೆ ಬಂದವು.

‘ಧರ್ಮಪ್ರಾಂತ್ಯ’ ಎಂದು ಹಾಕಿ ನೋಡಿದೆ. ವಾಕ್ಯ ಹೀಗಾಯಿತು: “ಮೈಸೂರು ಸಂಸ್ಥಾನದಲ್ಲಿದ್ದ ಬೆಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿರದಿದ್ದರೂ ಮದ್ರಾಸ್ ಧರ್ಮಪ್ರಾಂತ್ಯಕ್ಕೆ ಸೇರಿತ್ತು.” ಬರೆದ ನನಗೇ ಎರಡು ಸಲ ಓದಬೇಕಾಯಿತು. ಫಲಕದ ಮುಂದೆ ನಿಂತು ಓದುವವರಿಗೆ ಒಂದೇ ನೋಟಕ್ಕೆ ತಿಳಿಯುವ ಪದ ಬೇಕು. ಆರ್ಚ್‌ಡೀಕನ್ (ಬಿಷಪರ ಕೈಕೆಳಗಿನ ಹಿರಿಯ ಪಾದ್ರಿ) ಮತ್ತು ಲೆಟರ್ಸ್ ಪೇಟೆಂಟ್ (ದೊರೆ ಹೊರಡಿಸುವ ಅಧಿಕಾರಪತ್ರ) ಇವೆರಡಕ್ಕೂ ದಯವಿಟ್ಟು ಏನಾದರೂ ಸೂಚಿಸಿ.

ಬೆಂಗಳೂರಿನಿಂದ

*

ಧರ್ಮಪ್ರಾಂತ್ಯ. ಪತ್ರಿಕೆಗಳು ದಿನವೂ ಬಳಸುತ್ತಿವೆ, ಓದುಗರಿಗೆ ಗೊತ್ತು. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ. ತೊಡಕು ಇರುವುದು ನಿಮ್ಮ ಇನ್ನೊಂದು ‘ಪ್ರಾಂತ್ಯ’ದಲ್ಲಿ. ಅಲ್ಲಿ ‘ಮದ್ರಾಸ್ ಪ್ರೆಸಿಡೆನ್ಸಿ’ ಎಂದು ಬರೆಯಿರಿ, ಮುಗಿಯಿತು.

ಮೈಸೂರಿನಿಂದ

*

ಮುಗಿಯಲಿಲ್ಲ.

ಧರ್ಮಪ್ರಾಂತ್ಯ, ಧರ್ಮಾಧ್ಯಕ್ಷ, ಧರ್ಮಕೇಂದ್ರ ಇವು ಕಥೋಲಿಕರು ತಮಗಾಗಿ ಕಟ್ಟಿಕೊಂಡ ಪದಗಳು. ಚೆನ್ನಾಗಿವೆ, ಅವರ ಮಟ್ಟಿಗೆ ನೆಲೆಗೊಂಡಿವೆ. ಆದರೆ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟೆಂಟ್ ಸಭೆಯಲ್ಲಿ ಹುಟ್ಟಿ ಬೆಳೆದ ನನ್ನಂಥವರ ಬಾಯಲ್ಲಿ ಅವು ಬರುವುದಿಲ್ಲ. ನಮಗೆ ಸಭೆ, ಸಭಾಪಾಲಕರು, ಸಭಾಪ್ರಾಂತ್ಯ, ಬಿಷಪರು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಓದುಗರು 1835ರ ಮದ್ರಾಸ್ ಬಿಷಪರನ್ನು ಪೋಪ್ ನೇಮಿಸಿದರು ಎಂದುಕೊಳ್ಳುತ್ತಾರೆ. ನೇಮಿಸಿದ್ದು ಇಂಗ್ಲೆಂಡಿನ ದೊರೆ.

ಇದು ಸಣ್ಣ ವ್ಯತ್ಯಾಸವಲ್ಲ. 1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು ನವೀಕರಿಸಿದ ಕಾಯಿದೆಯಲ್ಲೇ ಒಬ್ಬ ಬಿಷಪ್, ಮೂವರು ಆರ್ಚ್‌ಡೀಕನ್ ಎಂದು ಬರೆದು, ಬಿಷಪರಿಗೆ ವರ್ಷಕ್ಕೆ 5000 ಪೌಂಡ್ ಸಂಬಳವನ್ನು ಕಂಪನಿಯ ಆದಾಯದಿಂದ ಕೊಡಬೇಕೆಂದು ಗೊತ್ತುಮಾಡಿದರು. ಮರುವರ್ಷ ಥಾಮಸ್ ಮಿಡಲ್‌ಟನ್ ಕಲ್ಕತ್ತೆಗೆ ಬಂದರು. ತಮ್ಮ ಅಧಿಕಾರಪತ್ರದ ಅಕ್ಷರಕ್ಕೆ ಅವರು ಎಷ್ಟು ಅಂಜುತ್ತಿದ್ದರೆಂದರೆ, ಈ ನೆಲದ ಕ್ರೈಸ್ತರಿಗೆ ಪಾದ್ರಿ ದೀಕ್ಷೆ ಕೊಡುವ ಹಕ್ಕು ಅದರಲ್ಲಿ ಕಾಣುವುದಿಲ್ಲವೆಂದು ಒಬ್ಬರಿಗೂ ಕೊಡಲಿಲ್ಲ. ಪಾರ್ಲಿಮೆಂಟು ಕಾಯಿದೆ ತಿದ್ದಿದ ಮೇಲೆ ಅವರ ನಂತರದ ಬಿಷಪ್ ರೆಜಿನಾಲ್ಡ್ ಹೀಬರ್ 1824ರಲ್ಲಿ ಕ್ರಿಶ್ಚಿಯನ್ ಡೇವಿಡ್ ಎಂಬ ತಮಿಳರಿಗೆ ದೀಕ್ಷೆ ಕೊಟ್ಟರು. ಅಂದರೆ ಅಂದಿನ ಡಯಾಸಿಸ್ ಕಲೆಕ್ಟರರ ಜಿಲ್ಲೆಯ ಹಾಗೆ ಸರ್ಕಾರಿ ಕಾಗದದ ಮೇಲೆ ಎಳೆದ ಎಲ್ಲೆ. ಆ ಸರ್ಕಾರಿ ಬಣ್ಣವನ್ನು ‘ಧರ್ಮ’ ಎಂಬ ಪದ ಪೂರ್ತಿ ಅಳಿಸಿಹಾಕುತ್ತದೆ.

ಹಾಗೆಂದು ನಮ್ಮ ‘ಸಭಾಪ್ರಾಂತ್ಯ’ವನ್ನು 1835ಕ್ಕೆ ಒಯ್ಯಿರಿ ಎಂದೂ ನಾನು ಹೇಳುವುದಿಲ್ಲ. ಕನ್ನಡಿಗರ ನಡುವೆ ಬಹುಪಾಲು ಕೆಲಸ ಮಾಡಿದವರು ಮೈಸೂರು ಸೀಮೆಯಲ್ಲಿ ವೆಸ್ಲಿಯನರು, ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು, ಮಂಗಳೂರು ಧಾರವಾಡಗಳಲ್ಲಿ ಬಾಸೆಲ್ ಮಿಷನ್ನಿನವರು. ಈ ಮೂವರ ಸಭೆಗಳಲ್ಲೂ ಬಿಷಪ್ ಎಂಬ ಹುದ್ದೆಯೇ ಇರಲಿಲ್ಲ. ಹುದ್ದೆಯೇ ಇಲ್ಲದ ಮೇಲೆ ಅದರ ವ್ಯಾಪ್ತಿಗೆ ಪದ ಎಲ್ಲಿಂದ ಬರಬೇಕು? 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದ ಮೇಲೆಯೇ ವೆಸ್ಲಿಯನ್ ಮೂಲದ ಕನ್ನಡ ಸಭೆಗಳಿಗೆ ಬಿಷಪರು ಬಂದದ್ದು. ತಮಿಳರ ಕಥೆ ಬೇರೆ. ತಿರುನೆಲ್ವೇಲಿಯಲ್ಲಿ ಆಂಗ್ಲಿಕನ್ ಮಿಷನ್‌ಗಳೇ ಬೇರೂರಿದ್ದರಿಂದ ‘ತಿರುಮಂಡಲಂ’ ಎಂಬ ಪದ ಅಲ್ಲಿ ಜನರ ಬಾಯಲ್ಲಿದೆ. ಮಲೆಯಾಳಿಗಳು ಊರ ಸಭೆಗೆ ‘ಇಡವಕ’ ಎನ್ನುವುದರಿಂದ ಡಯಾಸಿಸ್‌ಗೆ ‘ಮಹಾಯಿಡವಕ’ ಎಂದು ಸೊಗಸಾಗಿ ಕಟ್ಟಿಕೊಂಡರು. ನಮ್ಮಲ್ಲಿ ಆ ಕಾಲದ ಪದ ಇಲ್ಲ, ಏಕೆಂದರೆ ಆ ಕಾಲದಲ್ಲಿ ಅದರ ಅಗತ್ಯ ಬಿದ್ದವರು ದಂಡಿನ ಇಂಗ್ಲಿಷರು. ಇಲ್ಲದ ಪದವನ್ನು ಇತ್ತೆಂದು ತೋರಿಸಬೇಡಿ. ‘ಡಯಾಸಿಸ್’ ಎಂದೇ ಬರೆದು, ಮೊದಲ ಸಲ ಮಾತ್ರ ‘ಬಿಷಪರ ಆಡಳಿತ ವ್ಯಾಪ್ತಿ’ ಎಂದು ಪಕ್ಕದಲ್ಲಿ ಬಿಡಿಸಿ ಹೇಳಿ.

ಲೆಟರ್ಸ್ ಪೇಟೆಂಟ್‌ಗೆ ‘ರಾಜಸನ್ನದು’ ಸಾಕು. ಆರ್ಚ್‌ಡೀಕನ್ ಹಾಗೆಯೇ ಇರಲಿ.

ಮಂಗಳೂರಿನಿಂದ

*

ಮಂಗಳೂರಿನ ಮಿತ್ರರ ಚರಿತ್ರೆ ಸರಿ, ತೀರ್ಮಾನ ತಪ್ಪು. ‘ಪದ ಇಲ್ಲ’ ಎನ್ನುವುದು ಹುಡುಕದವರ ಮಾತು.

ಡಯಾಸಿಸ್‌ನ ಮೂಲ ಗ್ರೀಕಿನ ‘ಡಿಯೋಯ್ಕೇಸಿಸ್’. ‘ಓಯ್ಕೋಸ್’ ಎಂದರೆ ಮನೆ. ಮನೆವಾರ್ತೆ ನೋಡಿಕೊಳ್ಳುವುದು ಎಂಬಲ್ಲಿಂದ ಆಡಳಿತ ಎಂಬ ಅರ್ಥ ಬಂತು. ರೋಮಿನ ದೊರೆ ಡಯೋಕ್ಲೀಷಿಯನ್ ಹಲವು ಪ್ರಾಂತ್ಯಗಳನ್ನು ಕೂಡಿಸಿ ಒಂದೊಂದು ಡಯಾಸಿಸ್ ಮಾಡಿದ. ಗಮನಿಸಿ, ಅಲ್ಲಿ ಡಯಾಸಿಸ್ಸೇ ದೊಡ್ಡದು, ಪ್ರಾಂತ್ಯ ಅದರೊಳಗಿನ ತುಂಡು. ಚರ್ಚಿನವರು ಪದ ಎರವಲು ಪಡೆದು ತಲೆಕೆಳಗು ಮಾಡಿದರು: ಅವರಲ್ಲಿ ಹಲವು ಡಯಾಸಿಸ್ ಸೇರಿದರೆ ಒಂದು ಪ್ರಾಂತ್ಯ, ಅದರ ಮೇಲೊಬ್ಬ ಮೆಟ್ರೊಪಾಲಿಟನ್. 1835ರ ಹೊತ್ತಿಗೆ ಕಲ್ಕತ್ತೆಯ ಬಿಷಪ್ ಅಂಥ ಮೆಟ್ರೊಪಾಲಿಟನ್ ಆದರಲ್ಲ, ಅವರ ವ್ಯಾಪ್ತಿಗೆ ಏನೆನ್ನುತ್ತೀರಿ? ಪ್ರಾಂತ್ಯವನ್ನು ಆಗಲೇ ಚಿಕ್ಕದಕ್ಕೆ ಖರ್ಚು ಮಾಡಿಬಿಟ್ಟಿದ್ದೀರಿ. ಮೇಲಾಗಿ ಸಂಸ್ಕೃತದ ‘ಪ್ರಾಂತ’ಕ್ಕೆ ಅಂಚು ಎಂದರ್ಥ. ಅಂಚನ್ನು ನಾಡಿನ ಹೆಸರಾಗಿಸಿದ್ದೇ ಒಂದು ಅಪಪ್ರಯೋಗ.

ಚರ್ಚಿನವರು ರೋಮಿನ ಕಂದಾಯದ ಪದ ತೆಗೆದುಕೊಂಡ ಹಾಗೆ ನಾವು ನಮ್ಮ ಕಂದಾಯದ ಪದ ತೆಗೆದುಕೊಳ್ಳಬೇಕು. ಶಾಸನಗಳಲ್ಲಿ ನಾಡು, ಕಂಪಣ, ಸೀಮೆ ಎಂಬ ಪದಗಳಿವೆ. ‘ಬಿಷಪ್ ಸೀಮೆ’. ‘ಮದ್ರಾಸ್ ಬಿಷಪ್ ಸೀಮೆ’. ಕಿವಿಗೆ ಹಿತ, ಕನ್ನಡದ್ದು, ಯಾರಿಗೂ ವಿವರಣೆ ಬೇಡ. ಬಿಷಪ್ ಎಂಬುದನ್ನೂ ‘ಮೇಲ್ನೋಟಗಾರ’ ಎನ್ನಬಹುದು, ಗ್ರೀಕಿನ ‘ಎಪಿಸ್ಕೊಪೋಸ್’ಗೆ ಅಕ್ಷರಶಃ ಅದೇ ಅರ್ಥ. ‘ಸನ್ನದು’ ಅರಬ್ಬಿ ಮೂಲದ್ದು, ಪಾರಸಿಯ ಮೂಲಕ ಬಂದದ್ದು, ಅದನ್ನು ಕೈಬಿಡಿ.

ಧಾರವಾಡದಿಂದ

*

‘ಪ್ರಾಂತ’ ಎಂದರೆ ಅಂಚು ಎಂದು ದೂರಿದವರು ‘ಸೀಮಾ’ ಎಂದರೆ ಏನೆಂದು ನೋಡಬೇಕಿತ್ತು. ಅದೂ ಎಲ್ಲೆ, ಅದೂ ಸಂಸ್ಕೃತ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಇವುಗಳಲ್ಲಿ ಸೀಮೆ ಎಂದರೆ ಪರದೇಶ. ‘ಬಿಷಪ್ ಸೀಮೆ’ ಎಂದರೆ ಬಿಷಪರು ಬಂದ ದೇಶ ಎಂದು ನಮ್ಮ ಕಡೆಯವರು ಓದುತ್ತಾರೆ. ‘ಮೇಲ್ನೋಟ’ ಎಂದರೆ ಹೊರನೋಟ, ಆಳಕ್ಕಿಳಿಯದ ನೋಟ. ಒಬ್ಬ ಹಿರಿಯರ ಹುದ್ದೆಗೆ ಇಡುವ ಹೆಸರೇ ಇದು?

ನಾನು ಧರ್ಮಪ್ರಾಂತ್ಯಕ್ಕೇ ಅಂಟಿಕೊಂಡಿದ್ದೇನೆ.

ಮೈಸೂರಿನಿಂದ

*

ಹೊರಗಿನ ಪದ ಬಂದರೆ ಕನ್ನಡ ಕೆಡುತ್ತದೆ ಎಂಬ ಭಯ ನನಗೆ ಅರ್ಥವಾಗುವುದಿಲ್ಲ. ಪಾದ್ರಿ ಪೋರ್ಚುಗೀಸರದು. ಕರಾವಳಿಯ ಇಗರ್ಜಿ ಪೋರ್ಚುಗೀಸರ ‘ಇಗ್ರೆಜಾ’. ನಮ್ಮ ನೆರೆಯ ಕೊಂಕಣಿ ಕಥೋಲಿಕರು ‘ದಿಯೆಸೆಜ್’, ‘ಬಿಸ್ಪ್’ ಎಂದು ಹೊರಗಿನ ಪದಗಳನ್ನೇ ನಾಲಿಗೆಗೆ ಒಗ್ಗಿಸಿಕೊಂಡಿದ್ದಾರೆ, ಅವರ ಕೊಂಕಣಿ ಬಡವಾಗಿಲ್ಲ. ಉತ್ತರದ ಕಡೆ ಜನ ಬಿಷಪರನ್ನು ‘ಲಾಟ್ ಪಾದ್ರಿ ಸಾಹಿಬ್’ ಎನ್ನುತ್ತಿದ್ದರು. ಲಾರ್ಡ್ ಎಂಬುದು ಲಾಟ್ ಆಯಿತು, ಗವರ್ನರರಿಗೆ ಇದ್ದ ಬಿರುದೇ ಬಿಷಪರಿಗೂ ಸಂದಿತು. ಎರಡೂ ಕುರ್ಚಿಗಳ ಹಿಂದೆ ಇರುವುದು ಒಂದೇ ಸರ್ಕಾರವೆಂದು ಆ ಜನ ಎಷ್ಟು ಸರಿಯಾಗಿ ಗುರುತಿಸಿದ್ದರು ನೋಡಿ!

ಈ ಬಳಗದಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದ ಹೆಸರೆತ್ತದ ದಿನವಿಲ್ಲ. 1856ರಲ್ಲಿ ಅದನ್ನು ಪ್ರಕಟಿಸಿದ ಕಾಲ್ಡ್‌ವೆಲ್ 1877ರಲ್ಲಿ ಇದೇ ಮದ್ರಾಸ್ ಡಯಾಸಿಸ್‌ನ ಸಹಾಯಕ ಬಿಷಪರಾಗಿ ತಿರುನೆಲ್ವೇಲಿಯನ್ನು ನೋಡಿಕೊಂಡರು. ನಾವೆಲ್ಲರೂ ಬರೆಯುವುದು ‘ಬಿಷಪ್ ಕಾಲ್ಡ್‌ವೆಲ್’. ಧರ್ಮಾಧ್ಯಕ್ಷ ಕಾಲ್ಡ್‌ವೆಲ್ ಎಂದಾಗಲಿ ಮೇಲ್ನೋಟಗಾರ ಕಾಲ್ಡ್‌ವೆಲ್ ಎಂದಾಗಲಿ ಇಲ್ಲಿ ಯಾರೂ ಬರೆದದ್ದನ್ನು ನಾನು ಓದಿಲ್ಲ. ಹಳೆಯ ಕನ್ನಡ ಬೈಬಲ್ ತಿಮೊಥೆಯನಿಗೆ ಬರೆದ ಪತ್ರದಲ್ಲಿ ‘ಸಭಾಧ್ಯಕ್ಷ’ ಎಂದು ಅನುವಾದಿಸಿತು. ಒಳ್ಳೆಯ ಪದ, ಆದರೂ ಬಿಷಪ್ ಎಂಬುದೇ ಗೆದ್ದಿತು. ಗೆದ್ದದ್ದನ್ನು ಒಪ್ಪಿಕೊಳ್ಳೋಣ.

ಮೈಸೂರಿನವರಿಗೆ ಒಂದು ಮಾತು: ಕಲ್ಕತ್ತೆ ಬಿಷಪರ ಅಧಿಕಾರ 1824ರಿಂದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ವರೆಗೂ ಚಾಚಿತ್ತು. 1836ರಲ್ಲಿ ವಿಲಿಯಂ ಬ್ರೌಟನ್ ಅಲ್ಲಿನ ಬಿಷಪ್ ಆದ ಮೇಲೆಯೇ ಅದು ಕಡಿದದ್ದು. ಸಮುದ್ರ ದಾಟಿ ಹಬ್ಬಿದ್ದಕ್ಕೆ ಯಾವ ‘ಪ್ರಾಂತ್ಯ’ ಹೊಂದುತ್ತದೆ? ‘ವ್ಯಾಪ್ತಿ’ ಎಂದರೆ ಅದೂ ಅಡಗುತ್ತದೆ, ಬೆಂಗಳೂರೂ ಅಡಗುತ್ತದೆ.

ಮಂಗಳೂರಿನಿಂದ

*

ಎಲ್ಲರಿಗೂ ವಂದನೆಗಳು. ಫಲಕವನ್ನು ಹೀಗೆ ಕಳುಹಿಸುತ್ತಿದ್ದೇನೆ:

“1816ರಲ್ಲಿ ಈ ಚರ್ಚನ್ನು ಪ್ರತಿಷ್ಠೆ ಮಾಡಿದವರು ಕಲ್ಕತ್ತೆಯ ಬಿಷಪ್. 1835ರಲ್ಲಿ ರಾಜಸನ್ನದಿನಂತೆ ಮದ್ರಾಸ್ ಬೇರೆ ಡಯಾಸಿಸ್, ಅಂದರೆ ಪ್ರತ್ಯೇಕ ಬಿಷಪರ ಆಡಳಿತ ವ್ಯಾಪ್ತಿ ಆಯಿತು. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿದ್ದರೂ ಇಲ್ಲಿನ ಆಂಗ್ಲಿಕನ್ ಚರ್ಚುಗಳು ಮದ್ರಾಸ್ ಬಿಷಪರ ಕೈಕೆಳಗೆ ಬಂದವು.”

1947ರ ನಂತರದ ಫಲಕದಲ್ಲಿ ‘ಸಭಾಪ್ರಾಂತ್ಯ’ ಎಂದೇ ಇಟ್ಟಿದ್ದೇನೆ, ಅದು ಆ ಸಭೆಯವರ ಪದ. ‘ಪ್ರತಿಷ್ಠೆ’ ದೇವರ ಮೂರ್ತಿಗೆ ಮಾತ್ರ ಎಂದು ಒಬ್ಬರು ಖಾಸಗಿಯಾಗಿ ಬರೆದಿದ್ದಾರೆ. ಸೊಲೊಮೋನನ ದೇವಾಲಯಕ್ಕೆ ಕನ್ನಡ ಬೈಬಲ್ ಅದೇ ಪದ ಬಳಸಿರುವುದರಿಂದ ಬದಲಿಸುತ್ತಿಲ್ಲ.

ಬೆಂಗಳೂರಿನಿಂದ

*

‘ರಾಜಸನ್ನದಿನಂತೆ’ ಬೇಡ. ‘ಅರಸನ ಓಲೆಯಂತೆ’ ಎಂದು ತಿದ್ದಿ. ಭಾನುವಾರ ರಾತ್ರಿಯವರೆಗೂ ಸಮಯವಿದೆ.

ಧಾರವಾಡದಿಂದ