ತೂಬಿನ ಗೇಟಿನ ಬಾಗು 5.4 ಮಿ.ಮೀ.ಯೋ, 1.4 ಮಿ.ಮೀ.ಯೋ?

ಸೋಮವಾರಪೇಟೆಯ ವಿದ್ಯಾರ್ಥಿನಿ:
ನಮ್ಮ ಕಾಫಿ ತೋಟದ ಕೆರೆಯ ತೂಬಿಗೆ ಹೊಸ ಉಕ್ಕಿನ ಗೇಟ್ ಮಾಡಿಸುತ್ತಿದ್ದೇವೆ. ಪ್ಲೇಟ್ 8 ಮಿ.ಮೀ. ದಪ್ಪ, 1.2 ಮೀಟರ್ ಅಗಲ. ನೀರಿಲ್ಲದ ಮೈಗೆ 75×8ರ ಪಟ್ಟಿಗಳನ್ನು 300 ಮಿ.ಮೀ.ಗೊಂದರಂತೆ ಅಡ್ಡಲಾಗಿ ಬೆಸೆದು ಸ್ಟಿಫನರ್ (ಬಿಗಿತ ಕೊಡುವ ಆಸರೆ) ಮಾಡುವ ಯೋಜನೆಯಿದೆ. 4 ಮೀಟರ್ ನೀರಿನ ಒತ್ತಡಕ್ಕೆ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ (ಗೇಟನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕ) ಮಾಡಿದೆ. ಪ್ಲೇಟಿಗೆ ಶೆಲ್ (ತೆಳು ಹಾಳೆಯಂಥ), ಪಟ್ಟಿಗೆ ಬೀಮ್ (ತೊಲೆಯಂಥ) ಎಲಿಮೆಂಟ್ ಬಳಸಿದಾಗ ಬಾಗು ಸುಮಾರು 5.4 ಮಿ.ಮೀ. ಬಂತು. ಪ್ಲೇಟನ್ನು 12 ಮಿ.ಮೀ.ಗೆ ಏರಿಸಬೇಕೇ?

ಮಡಿಕೇರಿಯ ನಿವೃತ್ತ ಎಂಜಿನಿಯರ್:
ಏರಿಸಬೇಡಿ ಅಮ್ಮ, ಮೊದಲು ಮಾದರಿಯನ್ನು ನೋಡಿ. ಬೀಮಿಗೆ ಆಫ್‌ಸೆಟ್ (ಪ್ಲೇಟಿನಿಂದ ಇರಬೇಕಾದ ದೂರ) ಕೊಡದೆ ಅದರ ಅಕ್ಷವನ್ನು ಪ್ಲೇಟಿನ ನಡುಮೈಯಲ್ಲೇ ಇರಿಸಿದ್ದೀರಿ ಎಂದು ತೋರುತ್ತದೆ. ವಾಸ್ತವದಲ್ಲಿ ಪಟ್ಟಿಯ ಕೇಂದ್ರ ಅಲ್ಲಿಂದ 41.5 ಮಿ.ಮೀ. ಆಚೆಗಿದೆ. 300 ಮಿ.ಮೀ. ಅಗಲದ ಪ್ಲೇಟನ್ನು ಪಟ್ಟಿಯ ಜೊತೆ ಸೇರಿಸಿ ಲೆಕ್ಕ ಹಾಕಿದರೆ ತಟಸ್ಥ ಅಕ್ಷ (ಬಾಗುವಾಗ ಎಳೆತವೂ ಅದುಮುವಿಕೆಯೂ ಇಲ್ಲದ ರೇಖೆ) 8.3 ಮಿ.ಮೀ. ಸರಿದು, ಇನರ್ಷಿಯಾ (ಅಡ್ಡಕೊಯ್ತದ ಆಕಾರ ಬಾಗನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 112 ಸೆಂ.ಮೀ.⁴ ಆಗುತ್ತದೆ, ಬಾಗು 1.4 ಮಿ.ಮೀ.ಗೆ ಇಳಿಯುತ್ತದೆ. ಆಫ್‌ಸೆಟ್ ಇಲ್ಲದಿದ್ದರೆ ಇನರ್ಷಿಯಾ ಬರೀ 29.4. ಈ 29.4 ಎಲ್ಲಿಂದ ಬಂತೆಂದು ಯೋಚಿಸಿ: ಪ್ಲೇಟೂ ಪಟ್ಟಿಯೂ ಅಂಟಿಕೊಳ್ಳದೆ, ಒಂದರ ಮೇಲೊಂದು ಜಾರುತ್ತ, ತಮ್ಮ ತಮ್ಮ ಪಾಡಿಗೆ ಬಾಗಿದರೆ ಸಿಗುವ ಮೊತ್ತವೂ ಅದೇ. ಅಂದರೆ ನಿಮ್ಮ ಮಾದರಿಯಲ್ಲಿ ವೆಲ್ಡಿಂಗ್ ಇಲ್ಲವೇ ಇಲ್ಲ.

ಪೊನ್ನಂಪೇಟೆಯ ವಿನ್ಯಾಸಕ:
ಸರ್, ಆಫ್‌ಸೆಟ್ ವಿಷಯವನ್ನು ಒಪ್ಪುತ್ತೇನೆ. ಆದರೆ 300 ಮಿ.ಮೀ. ಅಗಲವೂ ಪೂರ್ತಿಯಾಗಿ ಪಟ್ಟಿಯ ಜೊತೆ ದುಡಿಯುತ್ತದೆ ಎಂಬುದನ್ನು ಒಪ್ಪಲಾರೆ. ಪಟ್ಟಿಯಿಂದ ದೂರ ಹೋದಂತೆ ಪ್ಲೇಟಿನ ಪಾಲು ಕುಗ್ಗುತ್ತದೆ, 1.2 ಮೀಟರಿನಷ್ಟು ಗಿಡ್ಡ ಹರವಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಆದ್ದರಿಂದ ಪಟ್ಟಿಯನ್ನೂ ಶೆಲ್ ಎಲಿಮೆಂಟುಗಳಿಂದಲೇ ಕಟ್ಟುವುದು ಲೇಸು. ಆಫ್‌ಸೆಟ್ ಬೀಮಿನಲ್ಲಿ ಇನ್ನೊಂದು ತೊಡಕೂ ಇದೆ. ಸಾಮಾನ್ಯ ಎಲಿಮೆಂಟಿನಲ್ಲಿ ಉದ್ದದ ದಿಕ್ಕಿನ ಚಲನೆ ನೇರ ರೇಖೆಯಲ್ಲಿ, ಬಾಗು ಮೂರನೆಯ ಘಾತದಲ್ಲಿ ಬದಲಾಗುವುದರಿಂದ ಎರಡೂ ಹೊಂದದೆ, ಎಲಿಮೆಂಟುಗಳು ಕಡಿಮೆಯಿದ್ದಾಗ ಗೇಟ್ ತನ್ನಲ್ಲಿ ಇಲ್ಲದ ಬಿಗಿತವನ್ನು ತೋರಿಸುತ್ತದೆ. ಎಲಿಮೆಂಟುಗಳ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಆ ದೋಷ ಕಾಲು ಭಾಗಕ್ಕೆ ಇಳಿಯುತ್ತದೆ.

ಮಡಿಕೇರಿಯ ನಿವೃತ್ತ ಎಂಜಿನಿಯರ್:
ಅಗಲವನ್ನು ಅರ್ಧಕ್ಕೆ, 150ಕ್ಕೆ, ಇಳಿಸಿ ನೋಡಿದೆ. ಇನರ್ಷಿಯಾ 97.7ಕ್ಕೆ ಬಂತು, ಬಾಗು 1.6 ಮಿ.ಮೀ. ಆಯಿತು. ಅಗಲದಲ್ಲಿ ಅಷ್ಟು ದೊಡ್ಡ ತಪ್ಪಾದರೂ ನಷ್ಟ ಶೇ. 13 ಮಾತ್ರ, ಆಫ್‌ಸೆಟ್ ಮರೆತರೆ ಸುಮಾರು ನಾಲ್ಕು ಪಟ್ಟು. ನಿಮ್ಮ ಶೆಲ್ ಮಾದರಿ ಹೆಚ್ಚು ನಿಖರ ಎನ್ನುವುದರಲ್ಲಿ ಸಂದೇಹವಿಲ್ಲ, ಆದರೆ ಈ ಗೇಟಿಗೆ ಅದು ಅನಿವಾರ್ಯವಲ್ಲ.

ವಿರಾಜಪೇಟೆಯ ಓದುಗ:
1970ರಲ್ಲಿ ಮೆಲ್ಬರ್ನಿನ ವೆಸ್ಟ್ ಗೇಟ್ ಸೇತುವೆ ಕಟ್ಟುವಾಗಲೇ ಕುಸಿದು 35 ಜನ ಸತ್ತರು. ಅದೂ ಸ್ಟಿಫನರ್ ಬೆಸೆದ ಪ್ಲೇಟುಗಳ ಸೇತುವೆಯೇ. ಬಕ್ಲಿಂಗ್ (ಅದುಮಿದಾಗ ತೆಳು ಪ್ಲೇಟ್ ಪಕ್ಕಕ್ಕೆ ಮಡಚಿಕೊಳ್ಳುವುದು) ಬಗ್ಗೆ ಇಲ್ಲಿ ಯಾರೂ ಏಕೆ ಮಾತನಾಡುತ್ತಿಲ್ಲ?

ಪೊನ್ನಂಪೇಟೆಯ ವಿನ್ಯಾಸಕ:
ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಪಟ್ಟಿಗಳ ನಡುವಿನ ಅಂತರ ದಪ್ಪದ 37.5 ಪಟ್ಟು ಮಾತ್ರ ಇರುವುದರಿಂದ ಪ್ಲೇಟ್ ಬಕಲ್ ಆಗಲು 500 ಮೆಗಾಪ್ಯಾಸ್ಕಲ್‌ಗೂ ಮೀರಿದ ಸ್ಟ್ರೆಸ್ (ಚದರ ಅಳತೆಗೆ ಬೀಳುವ ಒಳಬಲ) ಬೇಕು. ಸಾಮಾನ್ಯ ಉಕ್ಕು 250ಕ್ಕೇ ಮಣಿಯುತ್ತದೆ. ಪಟ್ಟಿಯ ತುದಿಯಲ್ಲಿ ಸುಮಾರು 134 ಬರುತ್ತದಾದರೂ ಅದು ಎಳೆತ. ಪಟ್ಟಿಗಳನ್ನು ನೀರಿನ ಕಡೆಗೆ ಬೆಸೆದಿದ್ದರೆ ಆ ತುದಿ ಅದುಮುವಿಕೆಗೆ ಸಿಕ್ಕುತ್ತಿತ್ತು, ಆಗ ಅದರ ಬಕ್ಲಿಂಗನ್ನೂ ನೋಡಬೇಕಾಗುತ್ತಿತ್ತು.

ಕುಶಾಲನಗರದ ವೆಲ್ಡಿಂಗ್ ಶಾಪಿನವರು:
ನಾನು ಲೆಕ್ಕ ಕಲಿತವನಲ್ಲ, ಆದರೂ ಸರ್ ಹೇಳಿದ ಜಾರುವಿಕೆಯ ಮಾತು ನಮ್ಮ ಕೆಲಸದ ತಿರುಳು. ಖರ್ಚು ಉಳಿಸಲು ಹಲವರು ಬಿಟ್ಟು ಬಿಟ್ಟು ವೆಲ್ಡಿಂಗ್ ಹಾಕಿಸುತ್ತಾರೆ. ಬಲಕ್ಕೆ ಅದು ಸಾಕಾಗಬಹುದು. ಆದರೆ ನಮ್ಮ ಮಳೆಗಾಲದಲ್ಲಿ ಆ ಸಂದುಗಳಲ್ಲಿ ನೀರು ನಿಂತು, ಬಣ್ಣ ತಲುಪದ ಜಾಗದಿಂದಲೇ ತುಕ್ಕು ಹಿಡಿಯುತ್ತದೆ.

ಮಡಿಕೇರಿಯ ನಿವೃತ್ತ ಎಂಜಿನಿಯರ್:
ಅಣ್ಣ ಹೇಳಿದ್ದು ಸರಿ. ಆ ಬೆಸುಗೆ ಹೊರಬೇಕಾದದ್ದು ತುದಿಗಳ ಬಳಿ ಮಿಲಿಮೀಟರಿಗೆ ಸುಮಾರು 125 ನ್ಯೂಟನ್, ಅಂದರೆ 4 ಮಿ.ಮೀ. ಫಿಲೆಟ್ (ಮೂಲೆಯ ಬೆಸುಗೆ) ಸುಲಭವಾಗಿ ತಾಳುವಷ್ಟು. ಆದರೂ ತುಕ್ಕಿನ ಕಾರಣಕ್ಕೇ ಎರಡೂ ಬದಿಗೆ ಪೂರ್ತಿ ಎಳೆಯಿಸಿ.

ಸೋಮವಾರಪೇಟೆಯ ವಿದ್ಯಾರ್ಥಿನಿ:
ಆಫ್‌ಸೆಟ್ ಕೊಟ್ಟು, ಪಟ್ಟಿಯ ಉದ್ದಕ್ಕೆ 16 ಎಲಿಮೆಂಟ್ ಇಟ್ಟು ಮತ್ತೆ ನಡೆಸಿದೆ. ಬಾಗು 1.5 ಮಿ.ಮೀ. ಬಂತು. ಪ್ಲೇಟನ್ನು 8ರಲ್ಲೇ ಉಳಿಸುತ್ತೇವೆ. ಆದರೆ ಉದ್ದಕ್ಕೂ ಬೆಸೆದರೆ ಪ್ಲೇಟ್ ಸೊಟ್ಟಗಾಗಿ, ಸೀಲ್ ಸರಿಯಾಗಿ ಕೂರದೆ ನೀರು ಸೋರುವುದಿಲ್ಲವೇ?

ಕುಶಾಲನಗರದ ವೆಲ್ಡಿಂಗ್ ಶಾಪಿನವರು:
ಒಂದೇ ಸಮನೆ ಎಳೆದರೆ ಖಂಡಿತ ಸೊಟ್ಟಗಾಗುತ್ತದೆ ಮೇಡಂ. ಎರಡು ಪ್ಲೇಟುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಬಿಗಿದು, ನಡುವಿನಿಂದ ಹೊರಕ್ಕೆ ಗೇಣು ಗೇಣಾಗಿ ಎಡಬಲ ಬದಲಿಸುತ್ತ ಬೆಸೆಯುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಕೆರೆಯ ನೀರು ಬೇಕಾಗುತ್ತದೆ, ಹಾಗಾಗಿ ಜನವರಿಯೊಳಗೆ ಅಳತೆ ಕಳುಹಿಸಿ.