ತಿಲಾಪಿಯಾ ಮೀನಿನ ಮೇವಿಗೆ ಬೆಳ್ಳುಳ್ಳಿ, ಅರಿಶಿನ: ಎಷ್ಟು ಹಾಕಬೇಕು, ಅಂಟಿಸೋದು ಹೇಗೆ?

ಪ್ರಶ್ನೆ (ಇಂದಾಪುರ, ಪುಣೆ ಜಿಲ್ಲೆ)
ಪ್ಲಾಸ್ಟಿಕ್ ಹಾಸಿದ ಶೇತ್‌ತಳೆಯಲ್ಲಿ (ಕೃಷಿ ಹೊಂಡದಲ್ಲಿ) ಸುಮಾರು 2000 ತಿಲಾಪಿಯಾ ಇವೆ, ಸರಾಸರಿ 150 ಗ್ರಾಂ. ತೇಲುವ ಮೇವಿಗೆ ಬೆಳ್ಳುಳ್ಳಿ, ಅರಿಶಿನದ ಪುಡಿ ಕಲಸಿ ಹಾಕಿದರೆ ಪುಡಿಯೆಲ್ಲ ನೀರಿಗೇ ಬಿಟ್ಟುಕೊಳ್ಳುತ್ತೆ, ಮೇಲೆ ಹಳದಿ ಪೊರೆ ಕಟ್ಟುತ್ತೆ. ತಿಳಿದವರು ಅಳತೆ ಸಮೇತ ಹೇಳಿ.

ಉತ್ತರ 1
ಸರ್, ಮೊದಲು ಲೆಕ್ಕ. ಒಟ್ಟು ತೂಕ 300 ಕೆಜಿ, ಶೇ 3ರಂತೆ ದಿನಕ್ಕೆ 9 ಕೆಜಿ ಮೇವು. ಕೆಜಿಗೆ 10 ಗ್ರಾಂ ಬೆಳ್ಳುಳ್ಳಿ ಪುಡಿ, 5 ಗ್ರಾಂ ಅರಿಶಿನ ಸಾಕು. ಅಂದರೆ ದಿನಕ್ಕೆ 90 ಗ್ರಾಂ ಮತ್ತು 45 ಗ್ರಾಂ.

ಒಣ ಪುಡಿ ಹಾಗೇ ಅಂಟಲ್ಲ. ಕೆಜಿ ಮೇವಿಗೆ 20 ಮಿಲಿ ಅಡುಗೆ ಎಣ್ಣೆಯಲ್ಲಿ ಪುಡಿ ಕದಡಿ, ಅಗಲ ಬಾಣಲೆಯಲ್ಲಿ ಮೇವಿನ ಮೇಲೆ ಚಿಮುಕಿಸುತ್ತಾ ಕೈಯಾಡಿಸಿ. ಅರ್ಧ ಗಂಟೆ ನೆರಳಲ್ಲಿ ಹರಡಿ, ಆಮೇಲೆ ಹಾಕಿ. ನೀರು ಬೆರೆಸಿದರೆ ಗುಳಿಗೆ ಊದಿ ಒಡೆಯುತ್ತೆ, ಉಳಿದದ್ದು ಮರುದಿನಕ್ಕೆ ಬೂಸ್ಟು ಹಿಡಿಯುತ್ತೆ. ಆ ದಿನದ್ದು ಆ ದಿನವೇ ಮುಗಿಸಿ.

ಹಸಿ ಬೆಳ್ಳುಳ್ಳಿಯಾದರೆ ಕೆಜಿಗೆ 30 ಗ್ರಾಂ. ಜಜ್ಜಿ ಹತ್ತು ನಿಮಿಷ ಬಿಡಿ. ಜಜ್ಜಿದ ಮೇಲೆಯೇ ಅದರ ಕಿಣ್ವ ಕೆಲಸ ಮಾಡಿ ಆಲಿಸಿನ್ (ರೋಗಾಣು ತಡೆಯುವ ಸತ್ವ) ಹುಟ್ಟೋದು. ಹುರಿದರೆ, ಬೇಯಿಸಿದರೆ ಕಿಣ್ವವೇ ಹೋಯ್ತು, ಬರೀ ವಾಸನೆ ಉಳಿಯುತ್ತೆ.

ಉತ್ತರ 2
ನುಗ್ಗೆ ಸೊಪ್ಪಿನ ಪುಡಿನೂ ಒಳ್ಳೇದೇ, ಆದರೆ ಅದರಲ್ಲಿ ಟ್ಯಾನಿನ್ (ಒಗರಿನ ಅಂಶ), ಸಪೋನಿನ್ (ನೊರೆ ಬರಿಸುವ ಕಹಿ ಅಂಶ) ಇವೆ. ಜಾಸ್ತಿಯಾದರೆ ಮೀನು ಮೇವು ಬಿಡುತ್ತೆ. ಹಿಪ್ಪೆ ಹಿಂಡಿಯನ್ನಂತೂ ಮೇವಿಗೆ ಮುಟ್ಟಿಸಲೇಬೇಡಿ: ಅದರ ಸಪೋನಿನ್ ಮೀನಿನ ಕಿವಿರಿಗೆ ವಿಷ. ಬೇಡದ ಮೀನು ಕೊಲ್ಲೋಕೆ ಕೊಳಕ್ಕೆ ಹಾಕುವ ಸರಕು ಅದು.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್. ಕೆಲವು ಮೀನಿಗೆ ಮೈಮೇಲೆ ಹುಣ್ಣಿದೆ. ಇದರಿಂದಲೇ ವಾಸಿಯಾಗುತ್ತಾ?

ಉತ್ತರ 3
ಇಲ್ಲ ಅಣ್ಣ. ಇದು ಮೇವಿನ ಜತೆಗಿರೋದು, ಔಷಧಿ ಅಲ್ಲ. ಹುಣ್ಣಿದ್ದರೆ ಮೊದಲು ಬೆಳಗಿನ ಜಾವ ಕರಗಿದ ಆಮ್ಲಜನಕ ಅಳೆಯಿರಿ, ಲೀಟರಿಗೆ 4 ಮಿಗ್ರಾಂ ಮೇಲಿರಲಿ. ಅಮೋನಿಯಾ ಕಿಟ್‌ನಲ್ಲಿ ನೋಡಿ, ಮೂರನೇ ಒಂದು ಭಾಗ ನೀರು ಬದಲಿಸಿ. ಜೀವಂತವಿರುವ, ಕಾಯಿಲೆ ಬಿದ್ದ ಮೀನನ್ನೇ ಪರೀಕ್ಷೆಗೆ ಒಯ್ಯಿರಿ. ಸತ್ತು ಕೊಳೆತದ್ದರಿಂದ ಏನೂ ಗೊತ್ತಾಗಲ್ಲ.

ಹುಣ್ಣು ವಾಸಿಯಾದ ಮೇಲೆ ಎರಡು ಹಾಪಾ (ನೀರಲ್ಲಿ ಕಟ್ಟುವ ಪೆಟ್ಟಿಗೆಯಂಥ ಬಲೆ) ಕಟ್ಟಿ ತಲಾ 50 ಮೀನು ಬಿಡಿ, ಒಂದಕ್ಕೆ ಬೆರೆಸಿದ ಮೇವು, ಇನ್ನೊಂದಕ್ಕೆ ಬರೀ ಎಣ್ಣೆ ಸವರಿದ್ದು. ಎಣ್ಣೆಯೂ ಶಕ್ತಿ ಕೊಡುತ್ತೆ, ಅದಕ್ಕೇ ಎರಡಕ್ಕೂ ಇರಬೇಕು. 15 ದಿನಕ್ಕೊಮ್ಮೆ ತೂಗಿ. ಚಳಿಗಾಲದಲ್ಲಿ ಮಾಡಬೇಡಿ, ನೀರು ತಣ್ಣಗಾದರೆ ತಿಲಾಪಿಯಾ ಹೇಗೂ ಕಮ್ಮಿ ತಿನ್ನುತ್ತೆ, ವ್ಯತ್ಯಾಸ ಕಾಣಲ್ಲ.